ಜೇಬಿನಲ್ಲಿ ಮಳೆಗಾಲ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯವರು ರಾಜ್ಯೋತ್ಸವಕ್ಕೆ ನಾಟಕ ಆಡಿದರೆ ಧ್ವನಿ ವಿಭಾಗ ನನ್ನದು. ವಿಭಾಗ ಅಂದರೆ ಒಂದು ತಗಡು, ಒಂದು ಮೊರ. ತಗಡು ಒದರಿದರೆ ಗುಡುಗು, ಮೊರದಲ್ಲಿ ರಾಗಿ ಆಡಿಸಿದರೆ ಮಳೆ. ಈ ಸಲ ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ ಮೊರ ನೋಡಿ ಕಿಸಕ್ಕನೆ ನಕ್ಕ. "ಮಾವ, ಬಂದೋರ ಜೇಬಲ್ಲೇ ನೂರೈವತ್ತು ಸ್ಪೀಕರ್ ಇರುತ್ತೆ. ಮಳೆ ಅಲ್ಲೇ ಹುಯ್ಸೋಣ ಬಿಡಿ."

ಇದೇನು ಹೊಸದಲ್ಲವಂತೆ. 2001ರಲ್ಲೇ ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿ ಗೋಲನ್ ಲೆವಿನ್ ಎಂಬ ಕಲಾವಿದ, ಸಭಿಕರ ನಂಬರ್ ಮೊದಲೇ ಪಡೆದು, ಅವರವರ ಸೀಟು ಗೊತ್ತುಮಾಡಿ, ಫೋನುಗಳಿಗೆ ರಿಂಗ್ ಕೊಟ್ಟೇ ಕಛೇರಿ ನಡೆಸಿದ್ದನಂತೆ. ನಮ್ಮ ಕಛೇರಿಗಳಲ್ಲಿ ಇದು ಬಿಟ್ಟಿಯಾಗಿಯೇ ನಡೆಯುತ್ತದೆ. ಸೀಟು ಮಾತ್ರ ಕರ್ಚೀಫು ಹಾಕಿದವರದು. ಇರಲಿ, ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಿಂದಲೇ 'ಆಕಾಶವಾಣಿ' ಶುರುಮಾಡಿದ ಊರಿನವನು ನಾನು. ಅಷ್ಟು ಸುಲಭಕ್ಕೆ ಹಿಂಜರಿಯುವುದೇ?

ಬಾಗಿಲಿಗೆ ಕ್ಯೂಆರ್ ಕೋಡ್ ಅಂಟಿಸಿದೆವು. ಸ್ಕ್ಯಾನ್ ಮಾಡಿದರೆ ಒಂದು ಪುಟ ತೆರೆಯುತ್ತದೆ. ಅದನ್ನು ಒಮ್ಮೆ ಬೆರಳಲ್ಲಿ ಒತ್ತಲೇಬೇಕು. ಮುಟ್ಟದ ಹೊರತು ಬ್ರೌಸರು ಬಾಯಿ ಬಿಡುವುದಿಲ್ಲ. ಆಮೇಲಿನದೆಲ್ಲ ಹುಡುಗನ ಲ್ಯಾಪ್‌ಟಾಪಿನ ಅಪ್ಪಣೆ. ವಂತಿಗೆಗೆ ಹಾಕಿದ ಕೋಡ್ ಅಂದುಕೊಂಡು ಹಿಂಬಾಗಿಲಿಂದ ನುಸುಳಿದವರೂ ಇದ್ದರು.

ಮೊದಲಿಗೆ ಪ್ರಾರ್ಥನೆ. ಫೋನುಗಳು ಆದಿತಾಳ ಹಾಕಬೇಕು. ಒಂದೊಂದು ಫೋನಿಗೂ ಅಪ್ಪಣೆ ಅದರದರ ನೆಟ್‌ವರ್ಕ್ ಹಿಡಿದು ಬಂತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ನಮ್ಮ ಹಾಲ್ 20 ಮೀಟರೂ ಇಲ್ಲ. ಗಾಳಿಯನ್ನು ದೂರುವ ಹಾಗಿರಲಿಲ್ಲ. ಹಾಡುತ್ತಿದ್ದ ಮೇಡಂ ಮೂರನೇ ಸಾಲಿನಿಂದ ಒಂದು ಲಯ, ಬಾಗಿಲ ಕಡೆಯಿಂದ ಇನ್ನೊಂದು ಲಯ ಹಿಡಿದು, ಕೊನೆಗೆ ಹಾಡು ನಿಲ್ಲಿಸಿ ನನ್ನನ್ನೇ ನೋಡಿದರು.

ಆದರೆ ಮಳೆ ಮಾತ್ರ! ಹನಿಗೆಲ್ಲಿಯ ತಾಳ? ಒಂದೊಂದು ಫೋನು ತನಗೆ ತೋಚಿದಾಗ ತೊಟ್ಟಿಕ್ಕಿತು, ಮೂಲೆಯಿಂದ ಮೂಲೆಗೆ ಮಳೆ ಸರಿಯಿತು. ನನ್ನ ಮೊರ ಜನ್ಮದಲ್ಲಿ ಅಂಥ ಮಳೆ ಸುರಿಸಿರಲಿಲ್ಲ, ಒಪ್ಪಿಕೊಳ್ಳಬೇಕು. ಮುಂದಿನ ಸಾಲಿನ ರಾಯರ ಫೋನು ಮಾತ್ರ ಮೂಕವಾಗಿತ್ತು. ಅದು ಬ್ಲೂಟೂತಿನಲ್ಲಿ ಅವರ ಕಿವಿಯ ಮೆಷಿನ್ನಿಗೆ ಸೇರಿಕೊಂಡಿತ್ತು. "ಭಾರೀ ಮಳೆ ಕಣೇ, ಕೊಡೆ ತಂದಿದ್ಯಾ?" ಎಂದು ಅವರು ಕೂಗಿದ್ದು ರಂಗದ ಮೇಲಿನ ಮಾತಿಗಿಂತ ಚೆನ್ನಾಗಿ ಕೇಳಿಸಿತು.

ಗುಡುಗು ಕೈಕೊಟ್ಟಿತು. ಫೋನಿನ ಗುಬ್ಬಚ್ಚಿ ಸ್ಪೀಕರಿಗೆ ಮಂದ್ರ ಎಲ್ಲಿಂದ ಬರಬೇಕು? ನೂರೈವತ್ತು ಹಪ್ಪಳ ಮುರಿದ ಹಾಗಾಯಿತು. ನಾನು ತಡೆಯಲಾರದೆ ಒಳಗೆ ಓಡಿ ತಗಡು ಎಳೆದೆ. ಹುಡುಗ ಅದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಗುಡುಗು ಅದ್ಭುತವಾಗಿ ಬಂತು. ಲ್ಯಾಪ್‌ಟಾಪ್ ಕೆಳಗೆ ಬಿದ್ದು ಕಣ್ಣುಮುಚ್ಚಿತು.

ಆ ಹೊತ್ತಿಗೆ ಕಪ್ಪೆಗಳು ಕೂಗುತ್ತಿದ್ದವು. ಬರದಿಂದ ಬಳಲಿದ ರೈತ ಮಳೆ ಬಂದ ಘಳಿಗೆಯಲ್ಲೇ ಪ್ರಾಣ ಬಿಡುತ್ತಾನೆ, ಕಪ್ಪೆಗಳು ತಟ್ಟನೆ ನಿಲ್ಲುತ್ತವೆ, ಮೌನ. ಇದು ನಾಟಕದ ತುದಿ. ನಿಲ್ಲಿಸುವ ಅಪ್ಪಣೆ ಕೊಡುವವರೇ ಇಲ್ಲ. ನಾನು ಪರದೆ ಸಂದಿಯಿಂದ ಕೈಮುಗಿದು "ಪುಟ ಮುಚ್ಚಿ, ಪುಟ ಮುಚ್ಚಿ" ಅಂದೆ. ಪುಣ್ಯಾತ್ಮರು ಮುಚ್ಚಿದರು. ಒಂದು ಕಪ್ಪೆ ಉಳಿಯಿತು. ಅದು ಇದ್ದದ್ದು ಹೆಣದ ಜೇಬಿನಲ್ಲಿ. ರೈತನ ಪಾತ್ರ ಮಾಡಿದ್ದ ನಮ್ಮ ಖಜಾಂಚಿಗಳು ಬಣ್ಣ ಹಚ್ಚಿಕೊಳ್ಳುವ ಮುಂಚೆ ತಾವೂ ಸ್ಕ್ಯಾನ್ ಮಾಡಿ ನೋಡಿದ್ದರು.

ಮಗನ ಪಾತ್ರದ ಹುಡುಗ ಜಾಣ. "ಅಪ್ಪೋ, ಕಪ್ಪೆ ಕೂಗ್ತಾವೆ ಕಣಪ್ಪೋ, ಕೇಳುಸ್ತಾ?" ಎಂದು ಎದೆಯ ಮೇಲೆ ಬಿದ್ದು ಸದ್ದು ಅಡಗಿಸಲು ನೋಡಿದ. ಎದೆಯಿಂದ ಇನ್ನೂ ಜೋರಾಗಿ ವಟರ್ ಎಂದಿತು. ಕೊನೆಗೆ ಹೆಣ ತಾನೇ ಕೈಯೆತ್ತಿ, ಜೇಬಿನಿಂದ ಫೋನ್ ತೆಗೆದು, ಹೆಬ್ಬೆರಳೊತ್ತಿ ಲಾಕ್ ಬಿಡಿಸಿ, ಕಪ್ಪೆಯನ್ನು ಆರಿಸಿ, ಮತ್ತೆ ಸತ್ತಿತು.

ಮಾರನೇ ಬೆಳಿಗ್ಗೆ ಹಾಲು ತರಲು ಹೋದಾಗ ರಾಯರು ಸಿಕ್ಕರು. "ಮಳೆ ಸದ್ದಲ್ಲಿ ಒಂದು ಮಾತೂ ಕೇಳಿಸ್ಲಿಲ್ಲ ಕಣ್ರೀ. ಆದ್ರೆ ಕಪ್ಪೆ ಕೂಗಿದ ತಕ್ಷಣ ಆ ರೈತನಿಗೆ ಜೀವ ಬರುತ್ತಲ್ಲ, ಅದು ಬಹಳ ಚೆನ್ನಾಗಿತ್ತು" ಅಂದರು.