ಸ್ಪಷ್ಟನೆ: ನೆರೆ ಪರಿಹಾರದ ಸಮೀಕ್ಷೆ ಬೇರೆ, ಬೆಳೆ ವಿಮೆಯ ದೂರು ಬೇರೆ

“ಕಂದಾಯ ಇಲಾಖೆಯವರು ಬೆಳೆಹಾನಿ ಬರೆದುಕೊಂಡು ಹೋದರೆ ಸಾಕು, ವಿಮೆ ಹಣ ತಾನಾಗಿಯೇ ಬರುತ್ತದೆ” ಎಂಬ ಸಂದೇಶ ರೈತರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದನ್ನು ಮೊದಲು ಬರೆದವನು ನಾನೇ, ಅದು ತಪ್ಪು.

ಆ ಸಮೀಕ್ಷೆ ವಿಪತ್ತು ಪರಿಹಾರ ನಿಧಿಯ ಸಹಾಯಧನಕ್ಕೆ ಸಂಬಂಧಿಸಿದ್ದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯ ಪ್ರಕಾರ, ತೊಗರಿಯಂತಹ ಬೆಳೆಯ ಹೊಲ ಜಲಾವೃತವಾದುದನ್ನು ಸ್ಥಳೀಯ ವಿಕೋಪವೆಂದು ಪರಿಗಣಿಸಿ ಆ ಹೊಲವನ್ನೇ ಪ್ರತ್ಯೇಕವಾಗಿ ಪರಿಶೀಲಿಸಬೇಕಾದರೆ, ವಿಮೆ ಮಾಡಿಸಿದ ರೈತರೇ 72 ಗಂಟೆಗಳೊಳಗೆ ಸಹಾಯವಾಣಿ 14447ಕ್ಕೆ, ಇಲ್ಲವೇ ವಿಮಾ ಕಂಪನಿ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಹೆಸರು ಬೆಳೆ ಅಕಾಲಿಕ ಮಳೆಗೆ ಸಿಕ್ಕಿ, ಕಾಯಿಯೊಳಗೇ ಕಾಳು ಮೊಳಕೆಯೊಡೆದಿದ್ದರೂ ಇದೇ ಗಡುವು ಅನ್ವಯಿಸುತ್ತದೆ. ಆದರೆ ಈ ರಕ್ಷಣೆ ಕೊಯ್ಲಿನ ನಂತರ 14 ದಿನಗಳವರೆಗೆ ಮಾತ್ರ.

ಇಡೀ ಪಂಚಾಯಿತಿಯ ಸರಾಸರಿ ಇಳುವರಿ ಕುಸಿದಾಗ ಬೆಳೆ ಕಟಾವು ಪ್ರಯೋಗದ (ಆಯ್ದ ಕೆಲವು ತಾಕುಗಳಲ್ಲಿ ಬೆಳೆ ಕೊಯ್ದು ಇಳುವರಿ ಅಳೆಯುವ ಕ್ರಮ) ಆಧಾರದ ಮೇಲೆ ಸಿಗುವ ಮೊತ್ತಕ್ಕೆ ಮಾತ್ರ ಪ್ರತ್ಯೇಕ ದೂರು ಬೇಕಿಲ್ಲ. ನಾನು ಎಡವಿದ್ದು ಈ ಎರಡನ್ನೂ ಒಂದೇ ಎಂದು ತಿಳಿದು.

ದಯವಿಟ್ಟು ಹಳೆಯ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ಹಾಕಿ.