ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕಾ? ಸತ್ಯಾಂಶ ಇಲ್ಲಿದೆ

ಬೇಸಿಗೆ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತುತ್ತದೆ: ‘ಸ್ಪ್ಲಿಟ್ ಎಸಿಯ ಗ್ಯಾಸ್ ವರ್ಷಕ್ಕೆ ಖಾಲಿಯಾಗುತ್ತದೆ, ತಪ್ಪದೆ ತುಂಬಿಸಿ.’ ಇದು ತಪ್ಪು.

ಎಸಿ ಗ್ಯಾಸ್ ಅಡುಗೆ ಸಿಲಿಂಡರಿನದರಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕೋಣೆಯ ಶಾಖ ಹೀರುತ್ತದೆ, ಹೊರಗಿನ ಯೂನಿಟ್‌ನಲ್ಲಿ ಬಿಡುತ್ತದೆ. ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರಿದೆ, ಅಷ್ಟೇ. ಹೆಚ್ಚಾಗಿ ಪೈಪು ಕೂಡುವ ಫ್ಲೇರ್ ನಟ್ ಹತ್ತಿರ. ಅದನ್ನು ಸರಿಪಡಿಸದೆ ಸುಮ್ನೆ ಗ್ಯಾಸ್ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಹೊಸ ಎಸಿಯ ಹೊರ ಯೂನಿಟ್‌ಗೆ ಕಾರ್ಖಾನೆಯಲ್ಲೇ ಗ್ಯಾಸ್ ತುಂಬಿರುತ್ತಾರೆ. ಅಳವಡಿಸುವಾಗ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನ ಗಾಳಿ, ತೇವ ತೆಗೆದು, ಆಮೇಲೆ ವಾಲ್ವ್ ತೆರೆಯಬೇಕು. ಕಂಪನಿ ಹೇಳಿದ್ದಕ್ಕಿಂತ ಪೈಪು ಉದ್ದವಾದರೆ ಮಾತ್ರ ಹೆಚ್ಚುವರಿ ಗ್ಯಾಸ್. ಅದನ್ನೂ ಮೀಟರಿಗೆ ಇಷ್ಟು ಗ್ರಾಂ ಅಂತ ತೂಗಿಯೇ ಹಾಕುವುದು. ಮೆಕ್ಯಾನಿಕ್ ಬರೀ ಗೇಜ್ (ಒತ್ತಡ ಅಳೆಯುವ ಮಾಪಕ) ತೋರಿಸಿ ‘ಪ್ರೆಶರ್ ಕಡಿಮೆ ಇದೆ ಸಾರ್’ ಅಂದರೆ ನಾನಂತೂ ಒಪ್ಪುವುದಿಲ್ಲ. ಬಿಸಿಲು ಏರಿಳಿದಂತೆ ಪ್ರೆಶರ್ ಕೂಡ ಬದಲಾಗುತ್ತದೆ, ಅಲ್ವಾ? ಜಾಸ್ತಿ ತುಂಬಿದರೆ ಕಂಪ್ರೆಸರ್‌ಗೇ ಏಟು. ಅದೂ ಅಲ್ಲದೆ, ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸ್ ಬೆಂಕಿ ಹಿಡಿಯಬಲ್ಲದು.

ತಂಪು ಕಡಿಮೆ ಅನಿಸಿದರೆ ಮೊದಲು ಫಿಲ್ಟರ್ ತೊಳೆಯಿರಿ, ಹೊರ ಯೂನಿಟ್‌ನ ಧೂಳು ತೆಗೆಸಿ. ಗ್ಯಾಸ್ ವಿಷಯ ಆಮೇಲೆ.