ಚಿನ್ನಿಯ ಬೆದೆ, ಗುಂಡನ ಫಜೀತಿ

ಹಸು ಬೆದೆಗೆ ಬಂದರೆ ಕೊಟ್ಟಿಗೆಯಷ್ಟಕ್ಕೆ ಮುಗಿಯುತ್ತದೆ. ಬೆಕ್ಕು ಬಂದರೆ ಇಡೀ ಕೇರಿಗೆ ಸುದ್ದಿ. ಶಿರಸಿ ಕಡೆಯ ಹಂಚಿನ ಮನೆಯಲ್ಲಂತೂ ಆ ಕೂಗು ಅಟ್ಟದಿಂದ ಬಂತೋ ಜಗುಲಿಯಿಂದಲೋ ತಿಳಿಯುವುದೇ ಇಲ್ಲ. ‘ಎಂತಾ ಆತೇ ಅದ್ಕೆ?’ ಎಂದು ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ಕೇಳುತ್ತಾರೆ. ನೋವೇನೂ ಇಲ್ಲ ಅತ್ತೆ, ನಮ್ಮ ಚಿನ್ನಿಗೆ ವರ ಬೇಕಂತೆ.

ವರ ಮನೆಯಲ್ಲೇ ಇದ್ದಾನಲ್ಲ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಆದರೆ ನಮ್ಮ ಗಂಡು ಬೆಕ್ಕು ಗುಂಡನಿಗೆ ಬೀಜ ತೆಗೆಯುವ ಆಪರೇಷನ್ ಆಗಿ ವರ್ಷಗಳಾದವು. ಚಿನ್ನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಅವನೆದುರು ಎದೆಯನ್ನು ನೆಲಕ್ಕೊತ್ತಿ, ಹಿಂಭಾಗ ಎತ್ತಿ, ಬಾಲ ಒಂದು ಬದಿಗೆ ಸರಿಸಿ, ಹಿಂಗಾಲುಗಳಲ್ಲಿ ತಕಪಕ ತುಳಿಯುತ್ತಾಳೆ. ಗುಂಡ ಮೂಸುತ್ತಾನೆ. ಒಮ್ಮೊಮ್ಮೆ ಅವಳ ಕುತ್ತಿಗೆ ಕಚ್ಚಿ ಮೇಲೆ ಹತ್ತುವುದೂ ಉಂಟು. ಆಮೇಲೆ ಏನು ಮಾಡಬೇಕಿತ್ತು ಅನ್ನುವುದು ಮರೆತವನ ಹಾಗೆ ಇಳಿದು ಪಂಜ ನೆಕ್ಕುತ್ತ ಕೂರುತ್ತಾನೆ. ಬೀಜ ತೆಗೆದರೂ ಹಳೇ ಚಾಳಿ ಪೂರ್ತಿ ಹೋಗುವುದಿಲ್ಲ. ಆಪರೇಷನ್ ಹೊಸತಾಗಿದ್ದರೆ ಮಾತ್ರ ಹುಷಾರು. ಉಳಿದ ವೀರ್ಯದಿಂದ ಕೆಲವು ವಾರ ಮರಿಯಾಗುವ ಸಾಧ್ಯತೆ ಇರುತ್ತದೆ.

ಬೆಕ್ಕಿನಲ್ಲಿ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಕೂಡದಿದ್ದರೆ ಹೆಚ್ಚುಕಡಿಮೆ ವಾರಕ್ಕೆ ಕೂಗು ನಿಲ್ಲುತ್ತದೆ. ಎರಡು ಮೂರು ವಾರ ಕಳೆದರೆ ಮತ್ತೆ ಶುರು. ಬೆದೆಗೆ ಉದ್ದ ಹಗಲು ಬೇಕು. ಚಳಿಗಾಲದಲ್ಲೂ ಹಗಲು ತೀರಾ ಗಿಡ್ಡವಾಗದ ನಮ್ಮ ಕಡೆ ವರ್ಷಪೂರ್ತಿ ಈ ಕಛೇರಿ ನಡೆಯಬಹುದು.

ಅಷ್ಟರಲ್ಲಿ ಊರಿನ ಗಂಡು ಬೆಕ್ಕುಗಳು ಮಾಡಿನ ಮೇಲೆ ಜಮಾಯಿಸುತ್ತವೆ. ಹಂಚು ಜಾರುತ್ತದೆ, ತುಳಸಿಕಟ್ಟೆಗೂ ಮೂತ್ರದ ಸಿಂಪಡಣೆ. ಗುಂಡ ಕಿಟಕಿಯಲ್ಲಿ ಕೂತು ಗುರುಗುಟ್ಟುತ್ತಾನೆ. ಒಳಗಿನ ಕೆಲಸ ಆಗದಿದ್ದರೂ ಗಡಿ ಕಾಯುವ ಹಕ್ಕು ಬಿಟ್ಟಿಲ್ಲ.

ಬೆದೆ ನಿಲ್ಲಿಸಲು ಮೆಡಿಕಲ್ ಅಂಗಡಿಯ ಗುಳಿಗೆ ಕೊಟ್ಟುಬಿಡಿ ಅನ್ನುವವರಿದ್ದಾರೆ. ಸುಮ್ನೆ ಅಲ್ಲ ಆ ಗುಳಿಗೆ. ಪದೇ ಪದೇ ಕೊಟ್ಟರೆ ಗರ್ಭಕೋಶದಲ್ಲಿ ಕೀವು, ಮೊಲೆಯಲ್ಲಿ ಗಡ್ಡೆ ಬರುವ ಭಯವಿದೆ. ಆಪರೇಷನ್ನೇ ದಾರಿ. ಬೆದೆಯಲ್ಲಿ ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರಿಯುವುದರಿಂದ, ಈ ಗಲಾಟೆ ತಣ್ಣಗಾಗಲಿ ಅಂದಿದ್ದಾರೆ ಡಾಕ್ಟರು.

ಗುಂಡನದು ಸಣ್ಣ ಗಾಯ, ಸಂಜೆಗೇ ಹಾಲು ಕೇಳಿದ್ದ. ಇವಳದು ಹೊಟ್ಟೆ ಕೊಯ್ಯುವ ಕೆಲಸ. ಹತ್ತು ಹನ್ನೆರಡು ದಿನ ಜಿಗಿಯಬಾರದು, ಅಟ್ಟ ಹತ್ತಬಾರದು. ‘ಏಣಿ ತೆಗೆದಿಟ್ಟರಾಯ್ತು’ ಅನ್ನುತ್ತಾರೆ ಅಪ್ಪ. ಅವಳು ಯಾವತ್ತು ಏಣಿ ಹತ್ತಿದ್ದಾಳೆ?